ಗದ್ದ ಎತ್ತಿಸಿದ ಸ್ಟುಡಿಯೋ ಸಾಬರು

ನಿವೃತ್ತಿಯಾದರೂ ಯೂನಿಫಾರಮ್ಮಿನ ಹಿತ್ತಾಳೆ ಗುಂಡಿಗಳನ್ನು ಉಜ್ಜುವ ಚಾಳಿ ನನಗೆ ಬಿಟ್ಟಿಲ್ಲ. ಇವತ್ತು ಪಾಲಿಷ್ ಡಬ್ಬಿ ತೆರೆದಾಗ ಬಂದ ಘಾಟಿಗೆ ಕೃಷ್ಣರಾಜಪೇಟೆಯ ಸ್ಟುಡಿಯೋ ಸಾಬರು ಮತ್ತೆ ನೆನಪಾದರು. ಅವರ ಬೆಂಚಿನ ಮೇಲೆ ಕೂತು ಇದೇ ಗುಂಡಿಗಳನ್ನು ಉಜ್ಜಿದ್ದೆ...

ಕಿಕ್ಕೇರಿ ಕಡೆಯ ಹುಡುಗಿಯರ ಫೋಟೋ ತೆಗೆದು ಗಂಡಿನ ಕಡೆಯವರಿಗೆ ಕಳಿಸಲು ಕೊಡುತ್ತಿದ್ದವರು ಅವರೇ. ನಾನು ಮೆಡಿಕಲ್ ಓದುವಾಗ ನನ್ನದೂ ತೆಗೆದಿದ್ದರು. "ಗದ್ದ ತಗ್ಗಿಸು ಬೇಟಿ, ಇನ್ನೂ ವಸಿ" ಎಂದಿದ್ದರು. ತಗ್ಗಿಸಿದ್ದೆ. ಪುಣ್ಯಕ್ಕೆ ಯಾರೂ ಒಪ್ಪಲಿಲ್ಲ. ನಾನು ಸೈನ್ಯದ ಡಾಕ್ಟರಾದೆ.

ಬ್ರಿಗೇಡಿಯರ್ ಆದಾಗ ರಜೆಯಲ್ಲಿ ಊರಿಗೆ ಬಂದಿದ್ದೆ. ಮುಖ್ಯಸ್ಥೆಯಾಗಿ ಹೋಗಲಿದ್ದ ಮಿಲಿಟರಿ ಆಸ್ಪತ್ರೆಯ ಗೋಡೆಗೆ ಫೋಟೋ ಬೇಕಿತ್ತು. ಅಲ್ಲಿ ಹಿಂದಿನ ಮುಖ್ಯಸ್ಥರೆಲ್ಲ ಸಾಲಾಗಿ ತೂಗುತ್ತಿದ್ದರು, ಒಬ್ಬ ಹೆಂಗಸೂ ಇರಲಿಲ್ಲ. ಟೋಪಿ, ಪದಕಗಳನ್ನು ಸರಿಮಾಡಿಕೊಂಡು ಕೂತೆ. ಸಾಬರು ಕ್ಯಾಮೆರಾಗೆ ಕಣ್ಣಿಟ್ಟರು.

"ಗದ್ದ ತಗ್ಗಿಸು ಬೇಟಿ."

"ತಗ್ಗಿಸಲ್ಲ ಸಾಬ್ರೇ."

ಅವರು ಕ್ಯಾಮೆರಾದಿಂದ ತಲೆ ಎತ್ತಿದರು. ಆಮೇಲೆ ಎರಡೂ ಕಿವಿ ಮುಟ್ಟಿಕೊಂಡರು. "ಚಾಳಿ ಕಣವ್ವ, ತಪ್ಪಾಯ್ತು. ಎತ್ತು. ಇನ್ನೂ ಎತ್ತು. ಹಾಂ, ಅಂಗೇ ಇರು!"

ಫೋಟೋ ಆಸ್ಪತ್ರೆ ಸೇರಿತು. ಸಾಬರು ಇನ್ನೊಂದು ಪ್ರತಿಯನ್ನು ದೊಡ್ಡದು ಮಾಡಿ, ನನ್ನನ್ನು ಕೇಳಿಯೇ, ಬಸ್‌ಸ್ಟ್ಯಾಂಡ್ ಎದುರಿನ ಶೋಕೇಸಿನಲ್ಲಿಟ್ಟರು. ನನ್ನಣ್ಣ ಕೆಂಡವಾದ. ನನ್ನನ್ನೂ ಕರೆದುಕೊಂಡೇ ಜಗಳಕ್ಕೆ ಹೋದ.

"ಸೋದರತ್ತೆ ಮದ್ವೆ ಇಲ್ದೆ ಟೋಪಿ ಆಕ್ಕಂಡು ಕೂತವ್ಳೆ ಅಂದ್ರೆ ನನ್ ಮಗಳ್ನ ಯಾರ್ ಕೇಳ್ತಾರೆ ಸಾಬ್ರೇ? ತೆಗೀರಿ ಅದ್ನ. ಇಲ್ದಿದ್ರೆ ನಮ್ಮೂರಿನ್ ಒಂದ್ ಮದ್ವೆಗೂ ನಿಮ್ಮುನ್ನ ಕರ್ಯಾಕಿಲ್ಲ."

"ಕರೀಬ್ಯಾಡಿ ಬುಡಿ ಅಣ್ಣ. ಇದ್ನ ಮಾತ್ರ ತೆಗ್ಯಾಕಿಲ್ಲ."

ಆ ವರ್ಷ ನಮ್ಮೂರಿನ ಯಾವ ಮದುವೆಗೂ ಅವರನ್ನು ಕರೆಯಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಅವರಿಗೆ ನಷ್ಟವಾಗಬಾರದೆಂದು ನಾನೇ ಹೋಗಿ ತೆಗೆದುಬಿಡಿ ಸಾಬ್ರೇ ಎಂದರೆ ನನಗೂ ಗದರಿದರು. ಅವರು ಬದುಕಿರುವವರೆಗೂ ಫೋಟೋ ಅಲ್ಲೇ ಇತ್ತು, ಬಸ್ಸಿಗೆ ಕಾಯುವ ಹುಡುಗಿಯರೆಲ್ಲ ನೋಡುವಂತೆ.

ಈಗ ಸಾಬರಿಲ್ಲ. ಸ್ಟುಡಿಯೋ ಇದ್ದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಹೋದ ವಾರ ಅವರ ಮಗ ಆ ಫೋಟೋವನ್ನು ಪೇಪರಿನಲ್ಲಿ ಸುತ್ತಿ ಮನೆಗೆ ತಂದುಕೊಟ್ಟ.

"ಅಟ್ಟದ್ ಮ್ಯಾಲೆ ಇಡ್ಲಾ?" ಎಂದ ಅಣ್ಣ.

ನಾನು ಸುತ್ತಿಗೆ ತಂದು, ಬೀದಿಗೆ ಕಾಣುವ ಜಗಲಿಯ ಗೋಡೆಗೇ ಮೊಳೆ ಹೊಡೆದೆ. ಫೋಟೋ ತೂಗುಹಾಕುವಾಗ ಅಳು ಬಂತು. ಅಣ್ಣ ಬಾಯಿ ತೆರೆದ. ಅವನಿಗೆ ಉತ್ತರ ಕೊಡಲು ಸಾಬರಿರಲಿಲ್ಲ...

"ತೆಗ್ಯಾಕಿಲ್ಲ" ಎಂದೆ.