ನಾನು ತೆಗೆದುಹಾಕಿದ ಒಂದು ಸಾಲು

"ಯಾರ ಜೊತೆನಮ್ಮಾ ಬೆಳಗ್ಗೆ ಬೆಳಗ್ಗೆ ಜಗಳ?" ಎಂದು ಕೆಳಗಿನ ಮನೆಯ ಆಂಟಿ ಒಮ್ಮೆ ಕೇಳಿದ್ದರು. ತ್ಯಾಗರಾಜನಗರದ ಈ ಮನೆಯ ಮಹಡಿಯಲ್ಲಿ ನಾನೊಬ್ಬಳೇ ಇರುವುದು. ಕಂಪ್ಯೂಟರ್ ಜೊತೆ ಅಂದೆ. "ಹಂಗೆಲ್ಲ ಬೈತಾರಾ ಮಷೀನಿಗೆ?" ಎಂದು ಒಂದು ಬಟ್ಟಲು ಹುಳಿ ಕೈಗಿತ್ತು ಇಳಿದುಹೋದರು. ಬೈಯುತ್ತೇನೆ, ಜೋರಾಗಿಯೇ ಬೈಯುತ್ತೇನೆ. ಇಡೀ ದಿನ ನನ್ನ ಬಾಯಿಂದ ಬರುವುದು ಆ ಬೈಗುಳವಷ್ಟೇ ಆಗಿರುವ ದಿನಗಳೂ ಇವೆ.

ನನ್ನ ಕೆಲಸ ಕರ್ನಲ್ಲಿನದು. ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ಬುಡ. ಯಾವ ಕೆಲಸಕ್ಕೆ ಎಷ್ಟು ಮೆಮೊರಿ, ಯಾರ ಸರದಿ ಯಾವಾಗ ಎಂದು ಒಳಗೆ ಕೂತು ಹಂಚುವುದು ಅದೇ. ಅಲ್ಲಿ ತಪ್ಪಾದರೆ ಇಡೀ ಯಂತ್ರ ಮಲಗಿಬಿಡುತ್ತದೆ. ಅದಕ್ಕೇ ನಾವು ಲ್ಯಾಪ್‌ಟಾಪಿನೊಳಗೆ ಇನ್ನೊಂದು ಸುಳ್ಳು ಕಂಪ್ಯೂಟರ್ ಹುಟ್ಟಿಸಿಕೊಂಡು ಪರೀಕ್ಷೆಯನ್ನೆಲ್ಲ ಅದರ ಮೇಲೆ ಮಾಡುತ್ತೇವೆ. ವರ್ಚುವಲ್ ಮಷೀನ್ ಅನ್ನುವುದು ಅದನ್ನೇ. ಅದು ಎಷ್ಟು ಸಲ ಸತ್ತರೂ ಲ್ಯಾಪ್‌ಟಾಪಿಗೆ ಏನೂ ಆಗದು, ಮತ್ತೆ ಎಬ್ಬಿಸಿದರಾಯಿತು.

ಈ ಬೇಸಿಗೆಯ ಶುರುವಿನಲ್ಲಿ ಅದು ಸುಮ್ಮಸುಮ್ಮನೆ ಸಾಯತೊಡಗಿತು. ಒಂದು ಡಿಸ್ಕನ್ನು ಸಿಕ್ಕಿಸಿ ಕಿತ್ತು, ಸಿಕ್ಕಿಸಿ ಕಿತ್ತು ಮಾಡುತ್ತಿದ್ದರೆ ಒಮ್ಮೆ ನಲವತ್ತನೇ ಸಲಕ್ಕೆ, ಇನ್ನೊಮ್ಮೆ ಒಂಬೈನೂರನೇ ಸಲಕ್ಕೆ ಬಿದ್ದುಹೋಗುತ್ತಿತ್ತು. ಆ ಭಾಗದ ಕೋಡನ್ನು ಬರೆದವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬಳು ಗಿರಿನಗರದಲ್ಲಿರುವ ನನ್ನ ಹಳೆಯ ಗೆಳತಿ. ಗಂಡಸರೇ ತುಂಬಿದ್ದ ಟೀಮಿನಲ್ಲಿ ನಾವಿಬ್ಬರೇ ಹೆಂಗಸರು. ಒಂಬತ್ತು ವರ್ಷ ಅಕ್ಕಪಕ್ಕ ಕೂತು, ಒಂದೇ ಡಬ್ಬಿ ಹಂಚಿಕೊಂಡು ತಿಂದವರು. ಮಾತು ಬಿಟ್ಟು ಆರು ವರ್ಷವಾಗಿತ್ತು.

ತಪ್ಪು ಅವಳದೇ ಆಗಿರಲಿ ಎಂದು ನಾನು ಬಯಸಿದ್ದೆ. ಮ್ಯಾನೇಜರ್ "ಯಾರ ಕೋಡದು?" ಎಂದು ಕೇಳಿದಾಗ, ನೋಡುವ ಮೊದಲೇ, "ಹಳೇದು, ನಾನಲ್ಲ ಬರ್ದಿದ್ದು" ಅಂದುಬಿಟ್ಟಿದ್ದೆ. ಹಳೆಯ ಹಠ ಒಂದೇ ಕಾರಣವಲ್ಲ. ಅವಳ ತಪ್ಪು ಸಿಕ್ಕಿದರೆ ಫೋನ್ ಮಾಡಲು ಒಂದು ನೆಪವಾದರೂ ಸಿಗುತ್ತಿತ್ತು. ಬರಿಗೈಯಲ್ಲಿ ಫೋನ್ ಮಾಡುವ ಜಾಯಮಾನ ನನ್ನದಲ್ಲ.

ಜಗಳ ಒಂದೇ ಒಂದು ಸಾಲಿನದು. ಡಿಸ್ಕ್ ಕಿತ್ತಾಗ ಅದರ ವಿವರವಿದ್ದ ಮೆಮೊರಿಯನ್ನು ಖಾಲಿ ಮಾಡಬೇಕು. ಖಾಲಿ ಮಾಡುವ ಮೊದಲು, ಅದನ್ನು ಇನ್ನೂ ಓದುತ್ತಿರುವವರೆಲ್ಲ, ಅಂದರೆ ಯಂತ್ರದೊಳಗಿನ ಬೇರೆ ಕೆಲಸಗಳೆಲ್ಲ, ಓದಿ ಮುಗಿಸಲಿ, ಅಲ್ಲಿಯವರೆಗೆ ಕಾಯಿ ಎಂದು ಅವಳು ಒಂದು ಸಾಲು ಬರೆದಿದ್ದಳು. ಅದರಿಂದ ಎಲ್ಲ ನಿಧಾನವಾಗುತ್ತದೆ, ಆ ಹೊತ್ತಿಗೆ ಓದುವವರು ಯಾರೂ ಇರುವುದೇ ಇಲ್ಲ ಎಂದು ನನ್ನ ವಾದ. ಜಯನಗರದಲ್ಲಿ ದರ್ಶಿನಿಯೊಂದರ ಮುಂದೆ ಕಾಫಿ ಲೋಟ ಹಿಡಿದು ನಿಂತು ಅವಳು ಹೇಳಿದ್ದಳು: "ಕಾಯೋದು ಬೇಡ ಅಂದ್ರೆ ಬೇಡ ಕಣೇ. ಖಾಲಿ ಮಾಡೋ ಕೆಲಸಾನೇ ಆಮೇಲಕ್ಕೆ ಹಾಕ್ಬಿಡು. ಎಲ್ರೂ ಓದಿ ಮುಗಿಸಿದ್ಮೇಲೆ ಅದರ ಪಾಡಿಗೆ ಆಗ್ಲಿ." ನಾನು ಕೇಳಿಸಿಕೊಂಡೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ರಜೆಯಲ್ಲಿದ್ದ ವಾರ ಆ ಸಾಲನ್ನು ತೆಗೆದುಹಾಕಿ ಎಲ್ಲರೂ ಓದುವ ಮೇಲಿಂಗ್ ಲಿಸ್ಟಿಗೆ ಕಳಿಸಿದೆ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ. ತಪ್ಪು ತಿದ್ದಿದರೆ, ಆ ತಪ್ಪು ಯಾವ ಹಳೆಯ ಬದಲಾವಣೆಯಿಂದ ಬಂತು ಎಂದು ಬದಲಾವಣೆಯ ಜೊತೆ ಕಳಿಸುವ ಟಿಪ್ಪಣಿಯ ಕೊನೆಗೆ ಬರೆಯಬೇಕು. ಅದನ್ನು ಹಿಡಿದು ಹೋದರೆ ಬರೆದವರ ಹೆಸರು ಸಿಗುತ್ತದೆ. ಒಮ್ಮೆ ಸೇರಿದ್ದನ್ನು ಆಮೇಲೆ ಯಾರೂ ಅಳಿಸುವಂತಿಲ್ಲ. ನಾನು ಅವಳ ಬದಲಾವಣೆಯ ಗುರುತು ಹಾಕಿದ್ದಷ್ಟೇ ಅಲ್ಲ, "ಇದು ವಿಷಯ ಅರ್ಥವಾಗದೆ ಬರೆದದ್ದು" ಎಂದೂ ಸೇರಿಸಿದ್ದೆ. ಕೊಬ್ಬು, ಇನ್ನೇನಲ್ಲ. ರಜೆ ಮುಗಿಸಿ ಬಂದವಳು, "ಒಂದ್ಮಾತು ಕೇಳ್ಬೋದಿತ್ತಲ್ವಾ" ಅಂದಳು. "ಕೋಡ್ ಬಗ್ಗೆ ಬರ್ದಿದ್ದು, ನಿನ್ ಬಗ್ಗೆ ಅಲ್ಲ" ಅಂದೆ. ಎರಡು ತಿಂಗಳಲ್ಲಿ ಅವಳು ಕಂಪನಿ ಬಿಟ್ಟಳು.

ಈಗ ಮತ್ತೆ ಅದೇ ಜಾಗ. ಎಲ್ಲಿ ಬೀಳುತ್ತಿದೆ ಎಂದು ತಿಳಿಯಲು, ಇಲ್ಲಿಗೆ ಬಂದೆ, ಇದನ್ನು ಮಾಡಿದೆ ಎಂದು ಅಲ್ಲಲ್ಲಿ ಅದರಿಂದಲೇ ಹೇಳಿಸುವ ಸಾಲುಗಳನ್ನು ಹಾಕಿದೆ. ಹಾಕಿದ ಕೂಡಲೇ ಬೀಳುವುದೇ ನಿಂತಿತು! ತೆಗೆದರೆ ಬೀಳುತ್ತದೆ, ಹಾಕಿದರೆ ಬೀಳುವುದಿಲ್ಲ. ನಾಲ್ಕು ದಿನ ಹೀಗೆ ಆಟವಾಡಿಸಿತು. ಆ ಸಾಲುಗಳನ್ನು ಬರೆಯಲು ಕರ್ನಲ್‌ಗೆ ಹಿಡಿಯುವ ಕ್ಷಣದ ಹೊತ್ತಿನಲ್ಲಿ ಓದುವವರು ಓದಿ ಮುಗಿಸುತ್ತಿದ್ದಾರೆ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅವಳೇ ತಪ್ಪು ಮಾಡಿದ್ದಾಳೆ ಎಂದು ಕೂತವಳಿಗೆ ಬೇರೆ ಏನು ಕಂಡೀತು?

ಕೊನೆಗೆ ಹಳೆಯ ಕರ್ನಲ್‌ಗಳಿಗೇ ಹೋದೆ. ಹತ್ತು ವರ್ಷದ ಬದಲಾವಣೆಗಳ ಸಾಲಿನಲ್ಲಿ ನಟ್ಟನಡುವಿನದನ್ನು ವರ್ಚುವಲ್ ಮಷೀನಿನಲ್ಲಿ ಓಡಿಸುವುದು. ಬಿದ್ದರೆ ತಪ್ಪು ಹಿಂದಿನ ಅರ್ಧದಲ್ಲಿದೆ, ಬೀಳದಿದ್ದರೆ ಮುಂದಿನ ಅರ್ಧದಲ್ಲಿ. ಆ ಅರ್ಧಕ್ಕೆ ಮತ್ತೆ ನಡು. ಒಂದೊಂದಕ್ಕೂ ಗಂಟೆಗಟ್ಟಲೆ ಕಾಯಬೇಕು. ಅದು ಓಡುತ್ತಿರುವಾಗ ನಾನು ಅನ್ನಕ್ಕಿಡುತ್ತಿದ್ದೆ, ಬಟ್ಟೆ ಒಣಗಿಸುತ್ತಿದ್ದೆ, ಬನಶಂಕರಿವರೆಗೆ ಹೋಗಿ ಸೊಪ್ಪು ತರುತ್ತಿದ್ದೆ. ಒಂದು ವಾರ ಯಾರ ಜೊತೆಗೂ ಹತ್ತು ಮಾತು ಆಡಿದ್ದು ನೆನಪಿಲ್ಲ. ಶುಕ್ರವಾರ ಮಧ್ಯಾಹ್ನ ಹುಡುಕಾಟ ಒಂದೇ ಒಂದು ಬದಲಾವಣೆಗೆ ಬಂದು ನಿಂತಿತು. ಪರದೆಯ ಮೇಲೆ ನನ್ನ ಹೆಸರಿತ್ತು. ಆ ಸಾಲನ್ನು ನಾನು ಕಿತ್ತ ದಿನದಿಂದಲೇ ಅದು ಬೀಳತೊಡಗಿತ್ತು; ಹೀಗೆ ನೂರಾರು ಸಲ ಡಿಸ್ಕ್ ಕಿತ್ತು ನೋಡಿದವರು ಈ ಬೇಸಿಗೆಯವರೆಗೆ ಯಾರೂ ಇರಲಿಲ್ಲ, ಅಷ್ಟೆ.

ಬೈಯಲು ಬಾಯಿ ತೆರೆದೆ. ಯಾರನ್ನು ಬೈಯಲಿ? ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ.

ತಿದ್ದುವುದು ಅರ್ಧ ಗಂಟೆಯ ಕೆಲಸ. ಖಾಲಿ ಮಾಡುವುದನ್ನು ಆಮೇಲಕ್ಕೆ ಹಾಕಿದೆ, ಅಂದು ದರ್ಶಿನಿಯ ಮುಂದೆ ಅವಳು ಹೇಳಿದ ಹಾಗೆಯೇ. ಟಿಪ್ಪಣಿಯಲ್ಲಿ ತಪ್ಪಿನ ಮೂಲವೆಂದು ನನ್ನದೇ ಬದಲಾವಣೆಯ ಗುರುತು ಹಾಕಿದೆ. ಅದರ ಕೆಳಗೆ, ಈ ಉಪಾಯ ಯಾರು ಕೊಟ್ಟರೋ ಅವರ ಹೆಸರು ಬರೆಯುವ ಜಾಗವಿದೆ. ಎಲ್ಲರೆದುರು ಹೇಳಿರದ ಮಾತಾದರೆ ಅವರನ್ನು ಕೇಳದೆ ಅಲ್ಲಿ ಹೆಸರು ಹಾಕಬಾರದು. ಅದೂ ಪದ್ಧತಿಯೇ. ಅವಳ ಹೆಸರು ಆ ಜಾಗದಲ್ಲಿ ಬಂದರೆ ಹಿಂದೆ ಬರೆದದ್ದಕ್ಕೆ ಒಂದಿಷ್ಟಾದರೂ ಪರಿಹಾರವಾದೀತು, ಮತ್ತೆ ಮಾತು ಶುರುವಾದೀತು ಎಂದು ನನಗೆ ಆಸೆ. ಶನಿವಾರ ಬೆಳಗ್ಗೆ ತಿಂಡಿಯ ಹೊತ್ತು ಕಳೆಯಲಿ ಎಂದು ಕಾದು ಫೋನ್ ಮಾಡಿದೆ.

"ಹಲೋ, ಯಾರು?"

ನನ್ನ ನಂಬರ್ ಅವಳ ಬಳಿ ಇರಲಿಲ್ಲ. "ನಾನು ಕಣೇ" ಅಂದೆ.

"ಓ. ಹೇಳಿ" ಅಂದಳು. ಒಂಬತ್ತು ವರ್ಷ ನನ್ನನ್ನು ಲೇ ಎಂದು ಕರೆದವಳು.

ಎಲ್ಲವನ್ನೂ ಹೇಳಿದೆ. ಅವಳ ಸಾಲೇ ಸರಿಯಿತ್ತು, ತಪ್ಪು ನನ್ನದು, ಉಪಾಯವೂ ಅವಳದೇ, ಹೆಸರು ಹಾಕಲಾ ಎಂದೆ. ಒಂದೇ ಉಸಿರಿಗೆ, ಎಲ್ಲಿ ಫೋನ್ ಇಟ್ಟುಬಿಡುತ್ತಾಳೋ ಎಂಬ ಹೆದರಿಕೆಯಲ್ಲಿ.

"ನನ್ನ ಸಾಲು ಸರಿಯಿತ್ತಾ?" ಎಂದು ನಿಧಾನವಾಗಿ ಕೇಳಿದಳು.

"ಹೂಂ. ನಿಂಗೆ ಗೊತ್ತಿತ್ತಲ್ವಾ. ಅದಕ್ಕೇ ತಾನೇ ನನ್ಮೇಲೆ ಕೋಪ?"

"ಕೋಪನಾ? ಇಲ್ಲ. ಆಮೇಲೆ ಒಂದು ಇಂಟರ್‌ವ್ಯೂನಲ್ಲಿ ಆ ಟಿಪ್ಪಣಿ ಇರೋ ಪೇಜ್ ತೆಗೆದು ಮುಂದೆ ಇಟ್ರು. ಇದು ಅರ್ಥವಾಗದೆ ಬರೆದಿದ್ದಂತಲ್ಲ, ನಿಮ್ದಾ ಅಂತ ಕೇಳಿದ್ರು. ಹೌದು ಅಂದೆ. ನೀವು ಬರ್ದಿದ್ದೀರ ಅಂದ್ಮೇಲೆ ಸರಿನೇ ಇರುತ್ತೆ ಅನ್ಕೊಂಡಿದ್ದೆ. ನಂಗೆ ಈ ಕೆಲಸ ಬರಲ್ಲ ಅಂತ ಬಿಟ್ಬಿಟ್ಟೆ. ಈಗ ಪ್ರಾಜೆಕ್ಟ್ ಶೆಡ್ಯೂಲ್ ನೋಡ್ಕೊಳ್ತೀನಿ. ಕೋಡ್ ಮುಟ್ಟಿ ಐದು ವರ್ಷ ಆಯ್ತು."

ಆರು ವರ್ಷ ಅವಳು ನನ್ನ ಮೇಲೆ ಸಿಟ್ಟಾಗಿದ್ದಾಳೆ ಎಂದುಕೊಂಡಿದ್ದೆ. ಅವಳು ನನ್ನನ್ನು ನಂಬಿಕೊಂಡಿದ್ದಳು. "ಸಾರಿ ಕಣೇ" ಅಂದೆ.

"ಪರ್ವಾಗಿಲ್ಲ ಬಿಡಿ. ಹೆಸರು ಮಾತ್ರ ಬೇಡ. ಅಲ್ಲಿ ಇನ್ನೊಂದ್ಸಲ ನನ್ನ ಹೆಸರು ನೋಡೋಕೆ ನಂಗಾಗಲ್ಲ." ಕುಕ್ಕರ್ ಕೂಗುತ್ತಿದೆ, ಇಡುತ್ತೇನೆ ಎಂದಳು.

ಅವಳ ಹೆಸರಿಲ್ಲದೆಯೇ ಕಳಿಸಿದೆ. ಹಿಂದೆ ತೆಗೆದ ಸಾಲು ಸರಿಯಾಗಿಯೇ ಇತ್ತು, ಬರೆದವರಿಗೆ ವಿಷಯ ಚೆನ್ನಾಗಿ ಗೊತ್ತಿತ್ತು, ಗೊತ್ತಿಲ್ಲದ್ದು ತೆಗೆದ ನನಗೆ ಎಂದು ಬರೆದೆ. ಅದನ್ನೂ ಇನ್ನು ಯಾರೂ ಅಳಿಸುವಂತಿಲ್ಲ. ಓದಿದ ಯಾರೋ ಎರಡು ಪದದಲ್ಲಿ ಒಪ್ಪಿಗೆ ಕೊಟ್ಟರು.

ಭಾನುವಾರವಿಡೀ ವರ್ಚುವಲ್ ಮಷೀನನ್ನು ಓಡಲು ಬಿಟ್ಟೆ. ಸಾವಿರ ಸಲ, ಐದು ಸಾವಿರ, ಹತ್ತು ಸಾವಿರ. ಒಂದು ಸಲವೂ ಬೀಳಲಿಲ್ಲ. ಇಂಥ ಸುದ್ದಿ ಕೇಳಿದರೆ ಕುರ್ಚಿಯಿಂದ ಎದ್ದು ನನ್ನ ಬೆನ್ನಿಗೆ ಗುದ್ದುವವಳು ಈ ಊರಿನಲ್ಲಿ ಒಬ್ಬಳೇ ಇದ್ದಳು. ಅವಳಿಂದ ನಾನೇ ಕೋಡಿನ ಕೆಲಸ ಬಿಡಿಸಿದ್ದೆ.