ಒಲೆ ವೀಳ್ಯ ಎತ್ತಿದ ಚಕ್ರವರ್ತಿ

ಹಳ್ಳಿಮೈಸೂರಿನ ಆಚೆಯ ಕೇರಿಯಲ್ಲಿ ತೆಂಗಿನ ಗರಿ ಹೆಣೆಯುವುದರಲ್ಲಿ ಮಾದಮ್ಮನನ್ನು ಮೀರಿಸಿದವರಿಲ್ಲ. ಸುತ್ತಿನ ಎಷ್ಟೋ ಮದುವೆಗಳು ಅವಳು ಹೆಣೆದ ಚಪ್ಪರದ ನೆರಳಲ್ಲಿ ನಡೆದಿವೆ. ಗಂಡ ಸತ್ತ ಮೇಲೆ ಆ ನೆರಳಲ್ಲಿ ಕೂರುವ ಭಾಗ್ಯ ಮಾತ್ರ ಅವಳಿಗಿರಲಿಲ್ಲ; ನೆರಳು ಮಾಡಿದವಳು ಬಿಸಿಲಲ್ಲಿ ನಿಲ್ಲಬೇಕೆಂಬುದು ಕೇರಿಯ ಯಜಮಾನ ಗುಂಡಯ್ಯನ ಶಾಸ್ತ್ರ. ವಿಧವೆಯ ಕೈ ವೀಳ್ಯದ ತಟ್ಟೆಗೆ ತಾಗಿದರೆ ಮದುವೆ ಮುರಿಯುತ್ತದಂತೆ. ತಾಗದ ಮದುವೆಗಳೂ ಮುರಿದಿದ್ದವು. ಅದಕ್ಕೆ ಗುಂಡಯ್ಯ ಗ್ರಹಚಾರದ ಕಡೆ ಬೆರಳು ತೋರಿಸುತ್ತಿದ್ದ.

ಮೊಮ್ಮಗಳು ತೇಜಶ್ರೀ ಹೊಳೆನರಸೀಪುರದ ಶಾಲೆಯೊಂದರಲ್ಲಿ ಚರಿತ್ರೆ ಪಾಠ ಮಾಡುವವಳು. ಒಂದು ಸಂಜೆ ಗರಿ ಸೀಳಿಕೊಡುತ್ತಾ ಫ್ರಾನ್ಸ್ ದೇಶದ ಕತೆ ಹೇಳಿದಳು. ಜನಕ್ಕೆ ರೊಟ್ಟಿ ಇರಲಿಲ್ಲ, ಅರಮನೆಯಲ್ಲಿ ಔತಣ ನಿಂತಿರಲಿಲ್ಲ. ಜನ ತಿರುಗಿಬಿದ್ದು ರಾಜನ ತಲೆ ತೆಗೆದರು.

"ತಲೆ ಯಾಕವ್ವ ತೆಗೀಬೇಕಿತ್ತು? ಕುರ್ಚಿ ತೆಗುದ್ರೆ ಸಾಲ್ದಾ?" ಎಂದಳು ಮಾದಮ್ಮ.

ಮುಂದಿನ ಮದುವೆಯಲ್ಲಿ ಗುಂಡಯ್ಯ ಗಂಡನಿಲ್ಲದ ತಾಯಿಯೊಬ್ಬಳನ್ನು ಚಪ್ಪರದಿಂದ ಎಬ್ಬಿಸಿದ. ಮಾದಮ್ಮ ಮುಂದಾದಳು, ಹೆಂಗಸರೆಲ್ಲ ಸೇರಿ ಅವನ ಯಜಮಾನಿಕೆಯ ಮರದ ಕುರ್ಚಿಯನ್ನು ಹೊತ್ತು ಸಮುದಾಯ ಭವನದ ಅಟ್ಟಕ್ಕೆ ಎಸೆದರು. ಇನ್ನು ಯಜಮಾನನಿಲ್ಲ, ಸಾಕಿದವರೇ ಮಕ್ಕಳ ವೀಳ್ಯ ಕೊಡಬೇಕು ಎಂದು ತೀರ್ಮಾನವಾಯಿತು. ಎಲ್ಲರೂ ಸಮಾನರಾದರು. ಸಮಾನರಾದ ಮೇಲೆ ಎಂಜಲೆಲೆ ಎತ್ತುವವರು ಯಾರೂ ಉಳಿಯಲಿಲ್ಲ.

ಆ ಹೊತ್ತಿಗೆ ಕೇರಿಯವನೇ ಆದ ಮೋಹನ್‌ಕುಮಾರ್ ಸೈನ್ಯದಿಂದ ನಿವೃತ್ತನಾಗಿ ಬಂದ. ಕೊರಳಲ್ಲಿ ಸೀಟಿ. "ಒಂದೆಲ್ಡು ದಿನ ನೀನೇ ನೋಡ್ಕೊಳಪ್ಪ" ಎಂದು ಭವನದ ಬೀಗದ ಕೈ ಕೊಟ್ಟರು. ಸೀಟಿಗೆ ಕೂತು ಸೀಟಿಗೆ ಏಳುವುದನ್ನು ಕಲಿತ ಕೇರಿ ತನ್ನ ಶಿಸ್ತಿಗೆ ತಾನೇ ಹಿಗ್ಗಿತು. ಅವನ ಸೊಂಟನೋವಿನ ನೆಪದಲ್ಲಿ ಅಟ್ಟದ ಕುರ್ಚಿ ಕೆಳಗಿಳಿಯಿತು. ವಿಧವೆಯರಿಗೆ ಬೇರೆ ಸಾಲಾಯಿತು, ಚಪ್ಪರದ ಹೊರಗೆ.

ಅಷ್ಟರಲ್ಲಿ ತೇಜಶ್ರೀಗೆ ಗಂಡು ಗೊತ್ತಾಯಿತು. ಅವಳ ತಾಯಿ ಧನಲಕ್ಷ್ಮಿ, ಮಾದಮ್ಮನ ಸೊಸೆ, ಗಂಡನಿಲ್ಲದೆ ಮಗಳನ್ನು ಬೆಳೆಸಿದವಳು. ಮಗಳ ವೀಳ್ಯವನ್ನು ತನ್ನ ಕೈಯಾರೆ ಕೊಡಬೇಕೆಂಬುದು ಅವಳ ಒಂದೇ ಆಸೆ.

"ಡಿಸಿಪ್ಲಿನ್ ಅಂತ ಒಂದೈತೆ ಕಣಕ್ಕ," ಎಂದ ಮೋಹನ್‌ಕುಮಾರ್. "ಮೊದಲ್ನೇ ವೀಳ್ಯ ನಾನು ತಗೋತೀನಿ. ಹೆಣ್ಣಿನ ಕಡೆ ವೀಳ್ಯನೂ ನಾನೇ ಕೊಡ್ತೀನಿ."

ಧನಲಕ್ಷ್ಮಿ ಸೆರಗು ಬಾಯಿಗೊತ್ತಿಕೊಂಡು ಮನೆಗೆ ಬಂದಳು. ಮಾದಮ್ಮ ಮೊಮ್ಮಗಳನ್ನು ಕೇಳಿದಳು: "ಆ ರಾಜನ ತಲೆ ತೆಗುದ್ರಲ್ಲ, ಆಮ್ಯಾಕೆ ಯಾರು ಬಂದ್ರವ್ವ?"

"ನೆಪೋಲಿಯನ್ ಅಂತ ಒಬ್ಬ ದಂಡನಾಯಕ ಕಣಜ್ಜಿ. ಪಟ್ಟ ಕಟ್ಟಾಕೆ ದೊಡ್ಡ ಗುರುಗಳನ್ನ ಕರುಸ್ದ. ಅವರು ಕೈಯೆತ್ತೋ ಮುಂಚೆ ಕಿರೀಟ ತಾನೇ ಎತ್ತಿ ಇಟ್ಕಂಡ."

"ಅಷ್ಟ್ ಆತ್ರನಾ? ಕೊನೀಗೆ?"

"ನಡುಸಮುದ್ರದ ದ್ವೀಪಕ್ಕೆ ಸಾಗಾಕುದ್ರು."

"ನಮ್ಗೆಲ್ಲೈತವ್ವ ಸಮುದ್ರ?" ಎಂದು ಮಾದಮ್ಮ ಗರಿ ಮಡಿಚಿದಳು.

ಆ ಕೇರಿಯಲ್ಲಿ ಎಲ್ಲ ವೀಳ್ಯಕ್ಕೂ ಮುಂಚಿನದು ಒಲೆ ವೀಳ್ಯ. ಅದನ್ನು ಎತ್ತಿದವರು ಊಟ ಮುಗಿಯುವ ತನಕ ಒಲೆ ಬಿಟ್ಟು ಕದಲಬಾರದು; ಕದಲಿದರೆ ಅವರ ಮನೆಗೇ ಕೇಡು. ಅಡುಗೆಯ ಶಿವಯ್ಯ ಯಾವಾಗಲೂ ಅದನ್ನು ಹಿತ್ತಲಲ್ಲೇ ಎತ್ತುತ್ತಿದ್ದ. ಮೀಸೆ ಚಿಗುರುವ ಮುಂಚೆ ಊರು ಬಿಟ್ಟ ಮೋಹನ್‌ಕುಮಾರನಿಗೆ ಅದು ತಿಳಿಯದು. ವೀಳ್ಯಶಾಸ್ತ್ರದ ದಿನ ಮಾದಮ್ಮ ಆ ತಟ್ಟೆಯನ್ನು ಸಭೆಯ ನಡುವೆ ತಂದಿಟ್ಟಳು.

ಯಾರ ವೀಳ್ಯವೆಂದು ಕೂಗುವ ಮೊದಲೇ ಮೋಹನ್‌ಕುಮಾರ್ ಅದನ್ನೆತ್ತಿ, ಬಾಯಿಗೆ ಹಾಕಿಕೊಂಡು, ಕುರ್ಚಿಗೆ ಒರಗಿದ.

"ಲೇ, ಅದು ಒಲೆ ವೀಳ್ಯ ಕಣ್ಲಾ! ಊಟ ಮುಗಿಯಗಂಟ ಒಲೆ ಬಿಟ್ರೆ ನಿನ್ ಮನೆಗೇ ಕೇಡು!" ಎಂದು ಮೂಲೆಯಿಂದ ಗುಂಡಯ್ಯ ಕೂಗಿದ. ಪಟ್ಟ ಹೋದ ಮೇಲೆ ಅವನು ನಕ್ಕದ್ದು ಅಂದೇ.

"ಎದ್ದೇಳಪ್ಪ," ಎಂದಳು ಮಾದಮ್ಮ, "ಡಿಸಿಪ್ಲಿನ್ ಅಂತ ಒಂದೈತೆ."

ಮನೆಗೆ ಕೇಡೆಂದರೆ ಚಕ್ರವರ್ತಿಗೂ ಭಯ. ಸೀಟಿ, ಮೀಸೆ ಸಮೇತ ಹಿತ್ತಲ ಹೊಗೆಗೆ ನಡೆದ. ಇತ್ತ ಧನಲಕ್ಷ್ಮಿ ಬೀಗರಿಗೆ ಮಗಳ ವೀಳ್ಯ ಕೊಟ್ಟಳು. ವಿಧವೆಯ ಕೈ ತಟ್ಟೆಗೆ ತಾಗಿತು, ಚಪ್ಪರವೇನೂ ಬೀಳಲಿಲ್ಲ. ಅದರ ಕೆಳಗೆ ಮಾದಮ್ಮ ಕಾಲು ಚಾಚಿ ಕೂತಳು.

"ಅವ್ನು ದ್ವೀಪಕ್ಕೋದ್ ಮ್ಯಾಕೆ ಏನಾಯ್ತವ್ವ?"

ತೇಜಶ್ರೀ ಮದುವಣಗಿತ್ತಿಯ ನಾಚಿಕೆ ಬಿಟ್ಟು ನಕ್ಕಳು. "ಹಳೇ ರಾಜನ ತಮ್ಮನ್ನೇ ಕರ್ಕಬಂದು ಕೂರುಸುದ್ರು."

ಮಾದಮ್ಮ ತಿರುಗಿ ನೋಡಿದಳು. ಗುಂಡಯ್ಯನ ತಮ್ಮ ಸಣ್ಣಯ್ಯ ಆ ಖಾಲಿ ಕುರ್ಚಿಯನ್ನು ಟವಲಿನಿಂದ ಒರೆಸುತ್ತಿದ್ದ. ಸೌದೆ ಸಾಲದೆಂದು ಹಿತ್ತಲಿನಿಂದ ಸೀಟಿ ಕೇಳಿಬರುತ್ತಿತ್ತು.

"ಧನಾ," ಎಂದಳು ಮಾದಮ್ಮ, "ಕೊಡ್ಲಿ ತತ್ತಾ."