ಎಡಗೈಗೆ ರಜೆ

ನ್ಯಾಯಬೆಲೆ ಅಂಗಡಿ ನಡೆಸುವವನಿಗೆ ಸಿಟ್ಟು ಬರಬಾರದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳಿಗೇನು, ತಳಕು ಊರಿನ ಅಂಗಡಿಯಲ್ಲಿ ಬೆರಳ ಗುರುತಿನ ಯಂತ್ರದ ಮುಂದೆ ಕೂರುವವನು ನಾನು. ಮೊದಲು ಅಕ್ಕಿ ತೂಗಿ ಕೊಟ್ಟರೆ ನನ್ನ ಕೆಲಸ ಮುಗಿಯುತ್ತಿತ್ತು. ಈಗ ಕಾರ್ಡಿನಲ್ಲಿ ಹೆಸರಿರುವವರೆಲ್ಲ ಬಂದು ಬೆರಳೊತ್ತಿ, ನಾನು ನಾನೇ ಎಂದು ಯಂತ್ರವನ್ನು ನಂಬಿಸಬೇಕು. ಆ ವರ್ಷ ಯುಗಾದಿಯೊಳಗೆ ಒತ್ತದವರ ಹೆಸರು ಕಾರ್ಡಿನಿಂದ ಹೋಗುತ್ತದೆ ಎಂದು ಮೇಲಿನಿಂದ ಅಪ್ಪಣೆಯಾಗಿತ್ತು. ಯಾವ ಊರಿನ ಕಾರ್ಡಾದರೂ ಯಾವ ಅಂಗಡಿಯಲ್ಲಿ ಬೇಕಾದರೂ ಒತ್ತಬಹುದು ಎಂಬುದೊಂದೇ ಪುಣ್ಯ.

ಹಾಗಾಗಿಯೇ ಇಟ್ಟಿಗೆ ಗೂಡಿನ ಹೆಂಗಸರು ನನ್ನ ಅಂಗಡಿಗೆ ಬಂದರು. ದೇವಸಮುದ್ರದ ಕಡೆಯವರು. ಶೇಂಗಾ ಕಿತ್ತು ಮುಗಿದ ಮೇಲೆ ಗುಂಪು ಕಟ್ಟಿಕೊಂಡು ಬಂದು, ಮಳೆಗಾಲದ ತನಕ ಗೂಡಿನ ಪಕ್ಕದಲ್ಲೇ ಇರುತ್ತಾರೆ. ಸುಡದ ಇಟ್ಟಿಗೆಯನ್ನು ಒಂದರ ಮೇಲೊಂದು ಪೇರಿಸಿದ್ದೇ ಗೋಡೆ, ಮೇಲೊಂದು ತಗಡು. ಒಳಗೆ ಹೋಗಬೇಕಾದರೆ ಸೊಂಟ ಬಗ್ಗಿಸಲೇಬೇಕು. ನೀರು ಟ್ಯಾಂಕರಿನದು, ಅದು ಮೊದಲು ಮಣ್ಣು ಕಲಸಲು, ಉಳಿದರೆ ಮನುಷ್ಯರಿಗೆ. ಊರವರ ಮನೆಗಳಿಗೆಲ್ಲ ಇಟ್ಟಿಗೆ ಹಾಕುವವರು ಇರುವುದು ಹೀಗೆ. ಅದನ್ನು ನೋಡಿ ನನಗೆ ಬಂದ ಸಿಟ್ಟನ್ನು ಹೆಂಡತಿಯೂ ತಪ್ಪು ಅನ್ನಲಿಲ್ಲ.

ಆ ಗುಂಪಿಗೆಲ್ಲ ಹಿರಿಯಳೊಬ್ಬಳಿದ್ದಳು. ಎಲ್ಲರೂ ಅವಳನ್ನು ದೊಡ್ಡವ್ವ ಎನ್ನುತ್ತಿದ್ದರು. ಗಂಡ ಇಲ್ಲ, ಮಕ್ಕಳಿಲ್ಲ, ಕಾರ್ಡಿನಲ್ಲಿ ಅವಳದೊಂದೇ ಹೆಸರು. ಮಳೆಗಾಲಕ್ಕೆ ಗೂಡು ನಿಂತು ಊರಿಗೆ ಹೋದ ಮೇಲೆ, ಕೂಲಿ ಸಿಗದ ತಿಂಗಳುಗಳಲ್ಲಿ ಆ ಕಾರ್ಡಿನ ಅಕ್ಕಿಯೇ ಅವಳ ಊಟ. ಹೆಸರು ಹೋದರೆ ಊಟವೂ ಹೋಯಿತು. ಒತ್ತಿದವರಲ್ಲಿ ಉಳಿದೆಲ್ಲರ ಬೆರಳನ್ನು ಯಂತ್ರ ಹೇಗೋ ಒಪ್ಪಿಕೊಂಡಿತು. ದೊಡ್ಡವ್ವನ ಹತ್ತೂ ಬೆರಳು ಒತ್ತಿಸಿದೆ, ಒಂದನ್ನೂ ಒಪ್ಪಲಿಲ್ಲ. ಕಣ್ಣು ನೋಡಿ ಗುರುತು ಹಿಡಿಯುವ ಯಂತ್ರ ಚಳ್ಳಕೆರೆಯಲ್ಲಿತ್ತು. ಪಾಪ, ಬಸ್ಸು ಹತ್ತಿ ಅಲ್ಲಿಗೂ ಹೋಗಿ ಬಂದಳು. ಪೊರೆ ಬಂದ ಕಣ್ಣನ್ನು ಅದೂ ಗುರುತಿಸಲಿಲ್ಲ.

“ಕೈ ಕೊಳೆ ಆಗಿರ್ಬೇಕು ಸಾಮಿ, ಚೆನ್ನಾಗಿ ತೊಳ್ಕೊಂಡ್ ಬರ್ತೀನಿ,” ಎಂದು ಹೋದವಳು ಮರುದಿನ ಬಂದಾಗ ಬೆರಳ ತುದಿಗಳು ಕೆಂಪಗಾಗಿದ್ದವು. ಇಟ್ಟಿಗೆ ಚೂರಿನಿಂದ ತಿಕ್ಕಿ ತಿಕ್ಕಿ ತೊಳೆದಿದ್ದಳು. ಗೂಡಿನವರಿಗೆ ಹಿಮ್ಮಡಿ ಉಜ್ಜಲಿಕ್ಕೂ ಅದೇ, ಪಾತ್ರೆ ಉಜ್ಜಲಿಕ್ಕೂ ಅದೇ. ವರ್ಷಗಟ್ಟಲೆ ಮಣ್ಣು ಕಲಸಿ ಸವೆದು, ಅಳಿದುಳಿದಿದ್ದ ಗೆರೆಗಳೂ ಹೋಗಿದ್ದವು. ನನ್ನ ಪಿತ್ತ ನೆತ್ತಿಗೇರಿತು, ಅವಳ ಮೇಲಲ್ಲ, ಯಂತ್ರದ ಮೇಲೆ.

“ಸ್ವಲ್ಪ ದಿನ ಮಣ್ಣು ಮುಟ್ಬ್ಯಾಡ ಕಣವ್ವ. ಹೊಸ ಚರ್ಮ ಬಂದ್ರೆ ಗೆರೆನೂ ಬರ್ತವೆ,” ಎಂದೆ. ಹೇಳುವುದೇನೋ ಸುಲಭ.

ಅವಳ ಜೊತೆ ಗುಂಪನ್ನು ನಡೆಸುವ ಹೆಂಗಸು ಬಂದಿದ್ದಳು. ನಲವತ್ತರ ಆಸುಪಾಸಿನವಳು, ಮಾತು ಕಡಿಮೆ. ಅವಳು ಕೇಳಿದಳು, “ಒಂದ್ ಕೈ ಸಾಕಾ ಅಣ್ಣಾ?”

“ಒಂದ್ ಬೆರಳು ಸಾಕಮ್ಮ.”

“ಹಂಗಾದ್ರೆ ಎಡಗೈಗೆ ರಜಾ ಕೊಡ್ತೀವಿ. ಉಣ್ಣೋ ಕೈ ಉಣ್ಲಿ.”

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಅವರಲ್ಲಿ ಒಂದು ಪದ್ಧತಿ. ಯಾರು ಎಷ್ಟೇ ಇಟ್ಟಿಗೆ ಹಾಕಲಿ, ಅದು ಗುಂಪಿನ ಇಟ್ಟಿಗೆ. ಬಂದದ್ದು ಎಲ್ಲರಿಗೂ ಸಮಪಾಲು. ಆ ದಿನದಿಂದ ಪ್ರತಿಯೊಬ್ಬಳೂ ಊಟಕ್ಕೆ ಏಳುವ ಮುಂಚೆ ದೊಡ್ಡವ್ವನ ಪಾಲಿನದೆಂದು ಇನ್ನಷ್ಟು ಅಚ್ಚು ಹೊಡೆಯತೊಡಗಿದಳು. ಗೂಡಿನ ಯಜಮಾನ ಮೂಗು ಮುರಿದ. ಕೆಲಸ ಮಾಡದವರಿಗೆ ತನ್ನ ಜಾಗದಲ್ಲಿ ಗುಡಿಸಲು ಇಲ್ಲ ಎಂದ. ನಾನು ಕಾರ್ಡಿನ ವಿಷಯ ಹೇಳುವ ನೆಪ ಮಾಡಿಕೊಂಡು ಗೂಡಿಗೆ ಹೋಗಿದ್ದೆ. ಆ ಮಾತು ನನ್ನ ಎದುರೇ ನಡೆಯಿತು. ಗುಂಪು ನಡೆಸುವವಳು ಮಣ್ಣು ಕಲಸುವುದನ್ನು ನಿಲ್ಲಿಸದೆಯೇ, “ಇಟ್ಟಿಗೆ ಎಣಿಸ್ಕಳ್ರಿ, ಕೈ ಎಣಿಸ್ಬ್ಯಾಡ್ರಿ,” ಎಂದಳು. ಇಟ್ಟಿಗೆ ಕಡಿಮೆಯಾಗಿರಲಿಲ್ಲ. ಅವನು ತೆಪ್ಪಗೆ ಹೋದ.

ದೊಡ್ಡವ್ವ ತಗಡಿನ ನೆರಳಲ್ಲಿ ಕೂತಿದ್ದಳು. ಎಡಗೈಗೆ ಹರಳೆಣ್ಣೆ ಹಚ್ಚಿ ಹಳೆ ಸೀರೆಯ ತುಂಡು ಸುತ್ತಿದ್ದರು. ಬಲಗೈಯಲ್ಲಿ ಯಾರದೋ ಕೂಸಿನ ಜೋಲಿ ತೂಗುತ್ತ, ಬಾಯಲ್ಲಿ ಎಲ್ಲರನ್ನೂ ಬೈಯುತ್ತಿದ್ದಳು. ಅಚ್ಚು ಸರಿಯಾಗಿ ತುಂಬಿಲ್ಲ, ಮೂಲೆ ಮುರಿದೈತೆ, ಇದೇನು ಇಟ್ಟಿಗೆನಾ ಉಂಡೆನಾ. ನನ್ನನ್ನು ಕಂಡದ್ದೇ, “ಕೂತು ಕೂತು ಮೈಯೆಲ್ಲ ನೋವು ಸಾಮಿ. ಇವ್ರು ಒಂದ್ ತಂಬಿಗೆ ತೊಳಿಯಾಕೂ ಬಿಡಂಗಿಲ್ಲ,” ಎಂದು ದೂರಿದಳು. ಹಿಂದಿನ ದಿನ ಕದ್ದು ಬೆರಣಿ ತಟ್ಟಲು ಹೋಗಿ ಸಿಕ್ಕಿಬಿದ್ದಿದ್ದಳಂತೆ. ಎಲ್ಲರೂ ಸೇರಿ ಉಗಿದರಂತೆ. ಕೂಲಿಗೆ ಬಂದು, ಸುಡುವ ಬಿಸಿಲಲ್ಲಿ ಮೊಣಕೈ ತನಕ ಕೆಸರಾಗಿ ನಿಂತವರು ಒಬ್ಬಳ ಐದು ಬೆರಳನ್ನು ಹೀಗೆ ಕಾಯುತ್ತಿದ್ದರು. ನನ್ನ ಅಣ್ಣತಮ್ಮಂದಿರು ನನಗಾಗಿ ಇಷ್ಟು ಮಾಡುತ್ತಾರೆಂದು ನಾನು ಆಣೆ ಮಾಡಿ ಹೇಳಲಾರೆ.

ಶಿವರಾತ್ರಿಗೆ ಮುಂಚೆ ಒಂದು ದಿನ ಟ್ಯಾಂಕರ್ ಬರಲಿಲ್ಲ. ನೀರಿಲ್ಲದೆ ಕೆಲಸ ನಿಂತಿತು, ಇಡೀ ಗುಂಪು ಅಂಗಡಿಗೆ ಬಂತು. ದೊಡ್ಡವ್ವ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಎಡಗೈ ಮೆತ್ತಗಾಗಿ, ಬಲಗೈಯ ಪಕ್ಕದಲ್ಲಿ ಬೇರೆ ಯಾರದೋ ಕೈಯಂತೆ ಕಾಣುತ್ತಿತ್ತು. ಹೆಬ್ಬೆರಳೊತ್ತಿದಳು, ಆಗಲಿಲ್ಲ. ತೋರುಬೆರಳು, ಆಗಲಿಲ್ಲ. ನಡುಬೆರಳನ್ನು ನಾನೇ ಹಿಡಿದು ಮೆಲ್ಲಗೆ ಒತ್ತಿಸಿದೆ. ಯಂತ್ರ ಒಪ್ಪಿಕೊಂಡಿತು, ಪರದೆಯ ಮೇಲೆ ಅವಳ ಹೆಸರು ಬಂತು. ನನಗೆ ಅಳು ಬಂತು. ಅಂಗಡಿಯಲ್ಲಿ ಜನರ ಮುಂದೆ ಅತ್ತದ್ದು ಅದೇ ಮೊದಲು, ಅದಕ್ಕೆ ನನಗೇನೂ ನಾಚಿಕೆಯಿಲ್ಲ.

ಎಲ್ಲರೂ ಹೊರಟಾಗ ಗುಂಪು ನಡೆಸುವವಳು ಬೆರಳೊತ್ತಿದ್ದು ನನಗೆ ನೆನಪಾಗಲಿಲ್ಲ. “ನಿಂದು ಆಯ್ತೇನಮ್ಮ?” ಎಂದೆ.

“ನಂದು ಇರ್ಲಿ ಬಿಡಣ್ಣ,” ಎಂದು ಅವಳು ಮೆಟ್ಟಿಲಿಳಿದಳು.

ದೊಡ್ಡವ್ವ ಅವಳ ರಟ್ಟೆ ಹಿಡಿದು ವಾಪಸ್ಸು ಎಳೆದು ತಂದಳು. ಒಂದೊಂದಾಗಿ ಹತ್ತೂ ಬೆರಳು ಒತ್ತಿಸಿದಳು. ಒಂದೂ ಆಗಲಿಲ್ಲ.

“ನಿಂಗೆ ಗೊತ್ತಿತ್ತಾ?” ದೊಡ್ಡವ್ವ ಕೇಳಿದಳು.

“ಹೋದ ತಿಂಗಳು ಹಬ್ಬಕ್ಕೆ ಊರಿಗ್ ಹೋದಾಗ ಒತ್ತಿ ನೋಡಿದ್ದೆ.”

“ಮತ್ತೆ ಯಾಕ್ ಬಾಯಿ ಬಿಡ್ಲಿಲ್ಲ?”

“ಇಬ್ರೂ ಒಟ್ಟಿಗೆ ಕೂತ್ರೆ ಉಳಿದೋರಿಗೆ ಭಾರ ಆಗ್ತಿತ್ತು ದೊಡ್ಡವ್ವ.”

ದೊಡ್ಡವ್ವ ಅವಳ ಕೈ ಬಿಡಲಿಲ್ಲ. “ಯುಗಾದಿಗೆ ಇನ್ನೂ ಟೈಮೈತೆ,” ಎಂದಳು. “ನಾಳಿಂದ ನೀನ್ ಕೂತ್ಕ. ನಿನ್ ಪಾಲಿನ ಇಟ್ಟಿಗೆ ನಾನ್ ಹಾಕ್ತೀನಿ.”